ಮುಳುಗುವ ಮರಕ್ಕೆ ಕಟ್ಟಿದ ಕಸಿ

ಸಾಗರದ ಕಾಲೇಜಿಗೆ ನಾನು ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವೆ. ಸೇರಿದ ಸ್ವಲ್ಪ ದಿನಕ್ಕೆಲ್ಲ ಸ್ಟಾಫ್ ರೂಮಿನಲ್ಲಿ ನನಗೆ ‘ಉಪ್ಪಿನಕಾಯಿ ಮೇಡಂ’ ಎಂಬ ಹೆಸರು ಬಿದ್ದಿತ್ತು. ಬೆನ್ನ ಹಿಂದೆ ಹೇಳಿಕೊಂಡು ನಗುತ್ತಿದ್ದರು. ಮುಖಕ್ಕೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವುದು ಪ್ರಿನ್ಸಿಪಾಲರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರಿಗೂ ಗೊತ್ತಾಗಿತ್ತು.

ಹೆಸರು ಬಿದ್ದದ್ದು ನಾನು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯದಿಂದ. ಶರಾವತಿ, ವರದಾ ಹೊಳೆಗಳ ದಂಡೆಯಲ್ಲೂ ಅವಕ್ಕೆ ಸೇರುವ ಹಳ್ಳಗಳ ಬದಿಯಲ್ಲೂ ಯಾರೂ ನೆಡದೆ ಬೆಳೆದ ಮಾವಿನ ಮರಗಳಿವೆ. ಹಣ್ಣಾದರೆ ಬಾಯಿಗಿಡಲಾಗದ ಹುಳಿ, ಮೇಲೆ ನಾರು. ಮಿಡಿಯಾಗಿದ್ದಾಗ ಮಾತ್ರ ಅವಕ್ಕೆ ಮರ್ಯಾದೆ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಆ ಸೊನೆಗೆ ಮರಕ್ಕೊಂದು ಪರಿಮಳ. ಒಂದು ಜೀರಿಗೆಯ ಹಾಗೆ, ಇನ್ನೊಂದು ಕರ್ಪೂರದ ಹಾಗೆ, ಮತ್ತೊಂದು ಕಿತ್ತಳೆ ಸಿಪ್ಪೆಯ ಹಾಗೆ. ಉಪ್ಪಿನಕಾಯಿ ಹಾಕಿ ವರ್ಷಗಟ್ಟಲೆ ಇಟ್ಟರೂ ಆ ಪರಿಮಳ ಹೋಗುವುದಿಲ್ಲ. ನಾನು ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯಲ್ಲಿ, ಮೇಳಿಗೆಯ ಹತ್ತಿರ. ನಮ್ಮ ಗೌಡರ ಮನೆಗಳಲ್ಲಿ ಊಟಕ್ಕೆ ಕೂತವರು ಮಿಡಿ ಕಚ್ಚಿ, ಇದು ಯಾವ ಹೊಳೆಯದು ಎಂದು ಅನ್ನ ಆರುವವರೆಗೆ ವಾದ ಮಾಡುತ್ತಿದ್ದರು. ಹಾಗೆ ವಾದ ಮಾಡುವವರ ನಡುವೆ ಬೆಳೆದವಳು ದೊಡ್ಡವಳಾಗಿ ಅದನ್ನೇ ಓದಲು ಹೊರಟರೆ ಅದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯದು.

ನನ್ನ ಮಾರ್ಗದರ್ಶಕರು ನಗಲಿಲ್ಲ, ಚಿಂತೆ ಮಾಡಿದರು. ಅವರು ಜೀವಮಾನವಿಡೀ ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಹೆಸರು ಬರೆದವರು.

“ಇವೆಲ್ಲ ಒಂದೇ ಸ್ಪೀಶೀಸ್ ಕಣಮ್ಮ. ಒಂದು ಮರ ನೋಡಿದರೆ ಎಲ್ಲಾ ನೋಡಿದ ಹಾಗೆ,” ಎಂದರು.

“ಒಂದು ಮರದ ಪರಿಮಳ ಇನ್ನೊಂದರಲ್ಲಿ ಇಲ್ಲ ಸರ್. ಆ ಮರ ಹೋದರೆ ಅದು ಮತ್ತೆಲ್ಲೂ ಸಿಗಲ್ಲ.”

“ಪರಿಮಳ ಹರ್ಬೇರಿಯಂ ಹಾಳೆಗೆ ಅಂಟುತ್ತೇನಮ್ಮ?”

‘ಜೀವವೈವಿಧ್ಯ’ ಎಂಬ ಪದ ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಇದ್ದಿದ್ದರೆ ಅದನ್ನೇ ಎದುರಿಗೆ ಹಿಡಿದು ಬಚಾವಾಗುತ್ತಿದ್ದೆ. ಕೊನೆಗೆ ಹೊಳೆದಂಡೆಯ ಸಸ್ಯಗಳ ಅಧ್ಯಯನ ಎಂದು ಹೊರಗೆ ಹೆಸರಿಟ್ಟು, ಒಳಗೆ ಒಂದು ಅಧ್ಯಾಯದಲ್ಲಿ ಮಾವನ್ನು ತುರುಕಿಕೊಳ್ಳುವುದೆಂದು ರಾಜಿಯಾಯಿತು.

ಹೊಸನಗರ ತಾಲ್ಲೂಕಿನ ಆ ಮರ ನನಗೆ ಸಿಕ್ಕಿದ್ದು ಊಟದ ಪಂಕ್ತಿಯಲ್ಲಿ. ವಿದ್ಯಾರ್ಥಿನಿಯೊಬ್ಬಳ ಅಕ್ಕನ ಮದುವೆಗೆ ಹೋಗಿದ್ದೆ. ಎಲೆಯ ತುದಿಗೆ ಬಡಿಸಿದ ಮಿಡಿಯನ್ನು ಕಚ್ಚಿ, ಅನ್ನ ಕಲಸುವುದನ್ನು ಬಿಟ್ಟು ಕೂತೆ. ಜೀರಿಗೆಯ ಪರಿಮಳ ಬೇಕಾದಷ್ಟು ಮಿಡಿಗಳಲ್ಲಿ ಇರುತ್ತದೆ. ಇದರಲ್ಲಿ ಜೀರಿಗೆಯ ಬೆನ್ನಿಗೇ ಹಸಿಶುಂಠಿ ಮುರಿದ ಹಾಗೆ ಇನ್ನೊಂದು ಪರಿಮಳ ಬರುತ್ತಿತ್ತು. ಅಷ್ಟು ವರ್ಷ ಹೊಳೆ ಹೊಳೆ ಅಲೆದವಳಿಗೆ ಅದು ಬೇರೆಲ್ಲೂ ಸಿಕ್ಕಿರಲಿಲ್ಲ. ಬಡಿಸುವವರನ್ನು ತಡೆದು ಎಲ್ಲಿಯದೆಂದು ಕೇಳಿ, ಮುಂದಿನ ಭಾನುವಾರವೇ ಹೊಸನಗರದ ಬಸ್ಸು ಹತ್ತಿದೆ.

ಬಸ್ಸಿಳಿದು ಕಾಡಿನ ದಾರಿಯಲ್ಲಿ ಬಹಳ ದೂರ ನಡೆದರೆ ಹೊಳೆ. ಹೊಳೆ ತಿರುಗುವ ಕಡೆ ಆಳದ ಗುಂಡಿಯ ಮೇಲೆ ಮರ ಬಾಗಿ ನಿಂತಿತ್ತು. ಪಕ್ಕದಲ್ಲಿ ಒಂದೇ ಮನೆ, ಗಂಡ ಹೆಂಡತಿ ಇಬ್ಬರೇ. ಮಕ್ಕಳು ಓದಲು ಶಿವಮೊಗ್ಗದಲ್ಲಿದ್ದರು. ಮರ ಆ ಮನೆಯವರದಲ್ಲ, ಹೊಳೆಯದು. ಆದರೆ ಮಿಡಿಯ ಕಾಲದಲ್ಲಿ ಬೇರೆ ಊರಿನವರು ಮೊದಲು ಅವರ ಜಗುಲಿಗೆ ಬಂದು ಕೇಳಿ ಆಮೇಲೆ ಮರಕ್ಕೆ ಹೋಗುವುದು ವಾಡಿಕೆ. ಕೇಳಿದವರಿಗೆ ಇಲ್ಲ ಎನ್ನದಿರುವುದೂ ವಾಡಿಕೆಯೇ. ಮನೆಯಾಕೆಗೆ ನಲವತ್ತು ದಾಟಿತ್ತು. ನಾನು ಮರ ನೋಡಲು ಬಂದವಳೆಂದು ತಿಳಿದ ಕೂಡಲೇ ಕಾಫಿಯನ್ನೂ ಕೊಡದೆ ಸೀದಾ ಮರದ ಬುಡಕ್ಕೆ ಕರೆದುಕೊಂಡು ಹೋದರು. ಮಲೆನಾಡಿನಲ್ಲಿ ಅಂಥದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಹೊತ್ತಿಗೆ ಹೊಳೆಯ ಕೆಳಭಾಗದಲ್ಲಿ ಅಣೆಕಟ್ಟಿನ ಕೆಲಸ ಅರ್ಧ ಮುಗಿದಿತ್ತು. ಮನೆ, ಗದ್ದೆ, ಮರ ಎಲ್ಲವೂ ಮುಳುಗಡೆಗೆ ಸೇರಿದ್ದವು. ಅವರಿಗೆ ಸಾಗರದ ಕಡೆ ಗುಡ್ಡದ ಮೇಲೆ ಜಾಗ ಕೊಡುವುದೆಂದು ಆಗಿತ್ತು.

“ಮನೆ ಮತ್ತೊಂದು ಕಟ್ಬಹುದು ಮೇಡಂ,” ಎಂದರು ಆಕೆ. “ಗದ್ದೆ ಆಗ್ದಿದ್ರೆ ಗುಡ್ಡದಲ್ಲಿ ಬೇರೆ ಎಂತಾರೂ ಬೆಳಿಬಹುದು. ಈ ಮರ ಎಲ್ಲಿಂದ ತರದು? ಗೊರಟು ತಗೊಂಡ್ಹೋಗಿ ಹಾಕಿದ್ರೆ ಬರಲ್ವಾ?”

“ಗಿಡ ಬರುತ್ತೆ. ಈ ಮರ ಬರಲ್ಲ,” ಎಂದೆ. ಗೊರಟಿನಿಂದ ಹುಟ್ಟಿದ ಮಾವು ತಾಯಿಯ ಹಾಗಿರುವುದಿಲ್ಲ. ಹೂವಿಗೆ ನೊಣಗಳು ಯಾವ ಮರದ ಪರಾಗ ತಂದವೋ ಯಾರಿಗೆ ಗೊತ್ತು. ಅದೇ ಮರ ಬೇಕಾದರೆ ಅದರ ಟಿಸಿಲನ್ನೇ, ಎಂದರೆ ಎಳೆಯ ಕವಲನ್ನೇ, ಇನ್ನೊಂದು ಸಸಿಗೆ ಕಸಿ ಕಟ್ಟಬೇಕು.

“ಕಟ್ಟಿ ಕೊಡ್ತೀರಾ?”

“ಕಟ್ಟಿ ಕೊಡ್ತೀನಿ.”

ಈ ಮಾತು ಕೊಟ್ಟ ದಿನದಿಂದ ನನಗೆ ಪಿಎಚ್.ಡಿ. ಎರಡನೆಯದಾಯಿತು.

ಮೊದಲ ಪ್ರಯತ್ನ ಕೈಕೊಟ್ಟಿತು. ಟಿಸಿಲು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಸಾಗರಕ್ಕೆ ತಂದು ಕಾಲೇಜಿನ ಹಿತ್ತಲಿನಲ್ಲಿ ಕಟ್ಟಿದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಸಂಜೆಗೆ ಬಂದಾಗಲೇ ಟಿಸಿಲುಗಳು ಸೊರಗಿದ್ದವು. ಒಂದೂ ಹಿಡಿಯಲಿಲ್ಲ. ಹಾಗಾಗಿ ಮರುವರ್ಷ ಮಳೆ ಬಿಟ್ಟ ಮೇಲೆ ಹಳೆಯ ಕ್ರಮಕ್ಕೆ ಇಳಿದೆ. ಅದರಲ್ಲಿ ಟಿಸಿಲು ಸಸಿಯ ಹತ್ತಿರ ಬರುವುದಿಲ್ಲ, ಸಸಿಯೇ ಮರದ ಹತ್ತಿರ ಹೋಗುತ್ತದೆ. ಸಸಿಯನ್ನು ಕೊಂಬೆಯ ಎಳೆ ಟಿಸಿಲಿಗೆ ತಾಗಿಸಿ ಹಿಡಿದು, ಎರಡರ ತೊಗಟೆಯನ್ನೂ ಒಂದೇ ಅಳತೆಗೆ ಕೆತ್ತಿ, ಗಾಯಕ್ಕೆ ಗಾಯ ಕೂಡಿಸಿ ಬಾಳೆನಾರಿನಿಂದ ಬಿಗಿದು ಕಟ್ಟುವುದು. ಎರಡೂ ಬೆಸೆದುಕೊಳ್ಳಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸಸಿಗೆ ಬೇರು ಅದರದೇ, ಟಿಸಿಲಿಗೆ ತಾಯಿಮರವೇ ಆಧಾರ. ಬೆಸೆದ ಮೇಲೆ ಟಿಸಿಲನ್ನು ಮರದಿಂದ ಕತ್ತರಿಸಿ ಗಿಡವನ್ನು ಇಳಿಸಿಕೊಳ್ಳುವುದು.

ಸಸಿಗಳನ್ನು ಅಡಿಕೆ ಹಾಳೆ ಮಡಿಚಿ ಹೊಲಿದ ಕೊಟ್ಟೆಗಳಲ್ಲಿ ಎಬ್ಬಿಸಿದ್ದೆ. ಮಣ್ಣಿನ ಕುಂಡವಾದರೆ ಭಾರ, ಕೊಂಬೆಗೆ ಕಟ್ಟಲಾಗುವುದಿಲ್ಲ. ಅವನ್ನು ಬುಟ್ಟಿಯಲ್ಲಿ ಜೋಡಿಸಿ ಬಸ್ಸಿನಲ್ಲಿ ತಂದಾಗ ಕಂಡಕ್ಟರು ಲಗೇಜು ಹಾಕಬೇಕೆಂದ.

“ಮೇಲ್ ಹಾಕಿ ಮೇಡಂ, ಒಳಗೆ ಜನಕ್ಕೇ ಜಾಗ ಇಲ್ಲ.”

“ಮೇಲೆ ಹಾಕಿದರೆ ಎಲೆ ಹರಿಯುತ್ತೆ. ಬೇಕಾದರೆ ನಾನು ಮೇಲೆ ಕೂರ್ತೀನಿ, ಇವು ಸೀಟಿನಲ್ಲಿ ಕೂರಲಿ,” ಎಂದೆ. ಬಸ್ಸಿಗೆ ಬಸ್ಸೇ ನಕ್ಕಿತು. ಬುಟ್ಟಿಗೆ ಸೀಟು ಸಿಕ್ಕಿತು, ನಾನು ಹೊಸನಗರದವರೆಗೆ ನಿಂತು ಬಂದೆ.

ಯಜಮಾನರು ಬಿದಿರಿನ ಏಣಿ ಮಾಡಿಕೊಟ್ಟರು. ಸೀರೆಯ ಸೆರಗು ಬಿಗಿದು ನಾನೇ ಹತ್ತಿ ಕಟ್ಟಿದೆ. ಕಟ್ಟಿ ಮುಗಿದಾಗ ಹೊಳೆಯ ಮೇಲೆ ಬಾಗಿದ ಆ ಮರ ಮೈತುಂಬ ಗಂಟು ಕಟ್ಟಿಕೊಂಡು ಊರು ಬಿಡಲು ಹೊರಟ ಹಾಗೆ ಕಾಣುತ್ತಿತ್ತು. ಎರಡೇ ಎರಡು ಮಾತು ಹೇಳಿ ಬಂದೆ: ಕೊಟ್ಟೆಯ ಮಣ್ಣು ಒಣಗಬಾರದು, ಕಟ್ಟು ಅಲುಗಬಾರದು. ಚಳಿಗಾಲವಿಡೀ ಆಕೆ ಗುಂಡಿಯ ನೀರು ಮೊಗೆದು, ಏಣಿ ಹತ್ತಿ, ಒಂದೊಂದು ಕೊಟ್ಟೆಗೂ ತೆಂಗಿನ ಚಿಪ್ಪಿನಲ್ಲಿ ನೀರು ಹೊಯ್ದರು. ನಾನು ಹೋದಾಗಲೆಲ್ಲ ಕಟ್ಟುಗಳನ್ನು ನೋಡುತ್ತಿದ್ದೆ. ಗಾಯದ ಅಂಚು ಊದಿಕೊಂಡು ಬರುತ್ತಿತ್ತು. ಹಿಡಿಯುವ ಲಕ್ಷಣ. ಶಿವರಾತ್ರಿ ಕಳೆದ ಮೇಲೆ ಇಳಿಸೋಣ ಎಂದು ಮಾತಾಯಿತು. ಬರುವ ಮಳೆಗಾಲಕ್ಕೆ ಅಣೆಕಟ್ಟಿನ ಬಾಗಿಲು ಹಾಕುತ್ತಾರೆಂದು ಸುದ್ದಿ ಇತ್ತು. ಅದಕ್ಕಿಂತ ಮುಂಚೆ ಗಿಡಗಳು ಸಾಗರ ಸೇರಿದರೆ ಸಾಕಿತ್ತು.

ಹೇಳಿದ ದಿನಕ್ಕೆ ಕಸಿ ಚೂರಿ, ಮೇಣ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋದೆ. ಮನೆ ತುಂಬ ನೆಂಟರು. ಮರಕ್ಕೆ ಇದು ಕೊನೆಯ ವರ್ಷ, ಇನ್ನು ಈ ಮಿಡಿ ಸಿಗುವುದಿಲ್ಲವೆಂದು ಸಾಗರ, ತೀರ್ಥಹಳ್ಳಿ ಕಡೆಯಿಂದೆಲ್ಲ ಬಂದಿದ್ದರು. ಬೇಡವೆನ್ನುವ ವಾಡಿಕೆ ಆ ಮನೆಯಲ್ಲಿ ಇರಲಿಲ್ಲವಲ್ಲ. ಮರದ ಮೇಲೆ ನಾಲ್ಕಾರು ಜನ, ಕೆಳಗೆ ಹಗ್ಗದಲ್ಲಿ ಇಳಿಯುವ ಬುಟ್ಟಿಗಳು, ಜಗುಲಿಯಲ್ಲಿ ಮಿಡಿ ಆರಿಸುವ ಹೆಂಗಸರು. ಅದೇ ಜಗುಲಿಯ ತುದಿಯಲ್ಲಿ, ನೆರಳಿನಲ್ಲಿ, ನನ್ನ ಸಸಿಗಳು ಸಾಲಾಗಿ ಕೂತಿದ್ದವು.

ಯಾರೋ ಪುಣ್ಯಾತ್ಮರು ನಾನು ಬರುವ ಮೊದಲೇ ಟಿಸಿಲು ಕತ್ತರಿಸಿ ಇಳಿಸಿದ್ದಾರೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಒಂದರಲ್ಲೂ ಟಿಸಿಲು ಇಲ್ಲ. ಸಸಿಗಳ ಮೈಮೇಲೆ ನಾನು ಕೆತ್ತಿದ ಗಾಯ ಮಾತ್ರ ಬಾಯಿ ತೆರೆದುಕೊಂಡಿತ್ತು.

ಯಜಮಾನರ ತಂಗಿ ನಗುತ್ತಾ ಎದುರು ಬಂದರು. “ಬನ್ನಿ ಮೇಡಂ. ನಿಮ್ಮ ಗಿಡ ಒಂದಕ್ಕೂ ಪೆಟ್ಟಾಗ್ದಂಗೆ ಬಿಚ್ಚಿ ಇಳ್ಸಿದ್ದೀವಿ. ಮರ ಹತ್ತೋರ ಕಾಲಿಗೆ ಸಿಕ್ಕಿ ಹಾಳಾಗ್ತಿತ್ತು. ಮಿಡಿ ಕೊಯ್ದು ಮುಗೀಲಿ, ಸಂಜೆ ಮತ್ತೆ ಹಂಗೇ ಕಟ್ತೀವಿ.”

ಬಿಚ್ಚಿದ ಬಾಳೆನಾರನ್ನು ಸಿಂಬಿ ಸುತ್ತಿ ಒಂದು ಕಡೆ ಇಟ್ಟಿದ್ದರು, ಮತ್ತೆ ಕಟ್ಟಲು ಬೇಕಲ್ಲ ಎಂದು. ಕೊಟ್ಟೆಗಳಿಗೆ ನೀರು ಹಾಕಿದ್ದರು. ಒಂದು ಎಲೆ ಹರಿದಿರಲಿಲ್ಲ.

ಅವರೆಲ್ಲ ತೋಟದ ಜನ. ಕಾಳುಮೆಣಸಿನ ಬಳ್ಳಿ ಹಬ್ಬಿದ ಮರ ಸತ್ತರೆ ಬಳ್ಳಿಯ ಕಟ್ಟುಗಳನ್ನು ಜೋಪಾನವಾಗಿ ಬಿಚ್ಚಿ, ಬಳ್ಳಿಯನ್ನು ನೆಲಕ್ಕಿಳಿಸಿ, ಬೇರೆ ಮರಕ್ಕೆ ಕಟ್ಟುತ್ತಾರೆ. ಬಳ್ಳಿಗೆ ಏನೂ ಆಗುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಅದೇ ಪಳಗಿದ ಕೈಯಿಂದ, ಅಷ್ಟೇ ಪ್ರೀತಿಯಿಂದ ನನ್ನ ಕಸಿಗಳನ್ನೂ ಬಿಚ್ಚಿದ್ದರು. ಆಗತಾನೆ ಬೆಸೆಯುತ್ತಿದ್ದ ತೊಗಟೆಗಳನ್ನು ಉಗುರಿನಿಂದ ಮೆಲ್ಲನೆ ಬಿಡಿಸಿದ್ದರು. ಅಡ್ಡಾದಿಡ್ಡಿ ಜನವಾಗಿದ್ದರೆ ಟಿಸಿಲು ಸಮೇತ ಕಿತ್ತು ಎಸೆಯುತ್ತಿದ್ದರು, ನನಗೆ ಒಂದೆರಡಾದರೂ ಉಳಿಯುತ್ತಿದ್ದವು.

“ನಿಮ್ಮ ನಾಲಿಗೆ ಚಪಲಕ್ಕೆ ಒಂದು ಮರದ ವಂಶ ತೆಗೆದಿರಲ್ಲ! ಮತ್ತೆ ಕಟ್ತೀರಾ? ಕತ್ತರಿಸಿದ ಕೈ ತಂದು ಬಟ್ಟೆ ಸುತ್ತಿದರೆ ಕೂಡಿಕೊಳ್ಳುತ್ತಾ?” ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ಮರದ ಮೇಲಿದ್ದವರ ಕೈ ನಿಂತಿತು. ಮಿಡಿ ಆರಿಸುತ್ತಿದ್ದ ಮುದುಕಿಯೊಬ್ಬರು ಕೈಯಲ್ಲಿದ್ದ ಮಿಡಿಯನ್ನು ಮೆಲ್ಲಗೆ ಬುಟ್ಟಿಗೆ ಹಾಕಿದರು.

ಕೂಗು ಕೇಳಿ ಮನೆಯಾಕೆ ಅಡಿಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದರು. ಬೆಳಗಿನಿಂದ ಅಷ್ಟು ಜನರ ಅಡಿಗೆಯಲ್ಲಿ ಅವರು, ಎಲೆ ಸಾಮಾನು ತರುವ ಓಡಾಟದಲ್ಲಿ ಯಜಮಾನರು, ಮರದ ಕಡೆ ಹಣಕಿಯೂ ನೋಡಿರಲಿಲ್ಲ. ನಾದಿನಿ ಗಾಬರಿಯಾಗಿ ತಮ್ಮ ಮನೆಮಾತಿನಲ್ಲಿ ಕೇಳಿದರು:

“ಎಂತ ಆತು ಅತ್ತಿಗೆ? ಎಂಗೊ ಬಳ್ಳಿ ಇಳ್ಸಿ ಕಟ್ತಿಲ್ಯಾ?”

ಆಕೆ ಸಸಿಗಳನ್ನು ಒಂದೊಂದಾಗಿ ನೋಡಿದರು. “ಅದು ಬಳ್ಳಿ ಅಲ್ದ,” ಎಂದರು, ಅಷ್ಟೇ. ಸ್ವಲ್ಪ ಹೊತ್ತಿಗೆ ಎಲೆ ಹಾಕಿ ಎಲ್ಲರನ್ನೂ ಊಟಕ್ಕೆ ಕರೆದರು. ನನ್ನನ್ನೂ ಕರೆದರು. ಅವರ ನೆಂಟರನ್ನೆಲ್ಲ ಬೈದು ಅದೇ ಪಂಕ್ತಿಯಲ್ಲಿ ಕೂತು ಊಟ ಮಾಡುವುದು ಸುಲಭವಾಗಿರಲಿಲ್ಲ. ಆದರೂ ಉಂಡೆ.

ಊಟವಾದ ಮೇಲೆ, ಹೊಸ ಕಸಿಗೆ ಟಿಸಿಲು ಸಿಗುತ್ತದೆಯೇ ಎಂದು ಮರ ನೋಡಿದೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ಇಲ್ಲದಿದ್ದರೆ ಸೊನೆ ಸೋರಿಹೋಗುತ್ತದೆ. ತೊಟ್ಟು ಉಳಿಸುವ ಭರದಲ್ಲಿ ಟಿಸಿಲುಗಳ ತುದಿಯನ್ನೆಲ್ಲ ಚಿವುಟಿದ್ದರು. ಗುಂಡಿಯ ಮೇಲೆ ಚಾಚಿದ ಒಂದು ಕೊಂಬೆಗೆ ಮಾತ್ರ ಯಾರೂ ಹೋಗಿರಲಿಲ್ಲ, ಅದು ಭಾರ ತಡೆಯುವುದಿಲ್ಲವೆಂದು. ನಾನು ಹತ್ತಲು ಹೊರಟಾಗ ಯಜಮಾನರು ತಡೆದರು. ಐವತ್ತು ದಾಟಿದ, ದಪ್ಪ ಮೈಯ ಮನುಷ್ಯ. ಅಂಗಿ ಬಿಚ್ಚಿಟ್ಟು ತಾವೇ ಹತ್ತಿದರು. ಕೊಂಬೆ ನೀರಿನ ಮೇಲೆ ತೂಗಾಡುತ್ತಿತ್ತು. ಕೆಳಗೆ ಹೆಂಡತಿ ದೇವರನ್ನೆಲ್ಲ ಕರೆಯುತ್ತಿದ್ದರು. ಒಂದು ಹಿಡಿ ಟಿಸಿಲು ಸಿಕ್ಕಿತು. ಅವನ್ನು ಬಾಳೆದಿಂಡಿನ ಒಳಗಿಟ್ಟು ಕಟ್ಟಿ, ಓಡಿ ಬಸ್ಸು ಹಿಡಿದು, ಕತ್ತಲಾಗುವ ಮೊದಲು ಕಾಲೇಜಿನ ಹಿತ್ತಲಿನಲ್ಲಿ ಉಳಿದಿದ್ದ ಸಸಿಗಳಿಗೆ ಕಸಿ ಕಟ್ಟಿ ಮುಗಿಸಿದೆ.

ಮಳೆಗಾಲಕ್ಕೆ ಮುಂಚೆಯೇ ಒಂದನ್ನು ಬಿಟ್ಟು ಉಳಿದವೆಲ್ಲ ಕಪ್ಪಾಗಿ ಸತ್ತವು. ಆ ಒಂದು, ಕಟ್ಟಿನ ಮೇಲಿನಿಂದ, ತಾಮ್ರದ ಬಣ್ಣದ ಚಿಗುರು ಹೊರಡಿಸಿತು. ಸ್ಟಾಫ್ ರೂಮಿಗೆ ಹೋಗಿ ಎಲ್ಲರಿಗೂ ನಾನೇ ದುಡ್ಡು ಕೊಟ್ಟು ಟೀ ತರಿಸಿದೆ. ಏಕೆಂದು ಕೇಳಿದವರಿಗೆ ಹೇಳಲಿಲ್ಲ, ಹೇಳಿದರೆ ಅವರಿಗೆ ಅರ್ಥವೂ ಆಗುತ್ತಿರಲಿಲ್ಲ.

ಮಾರ್ಗದರ್ಶಕರಿಗೆ ಮಾತ್ರ ತಿಳಿಸಿದೆ. “ಇರೋದು ಒಂದೇ ಗಿಡ. ಯೂನಿವರ್ಸಿಟಿ ತೋಟದಲ್ಲಿ ಇಡು. ಇಲ್ಲಿ ಮಾಲಿ ಇದ್ದಾನೆ, ಬೇಲಿ ಇದೆ,” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಗಿಡವನ್ನು ತೆಗೆದುಕೊಂಡು ಹೋಗಿ ಆ ಮನೆಯಾಕೆಗೆ ಕೊಟ್ಟೆ. ಈಗ ನನ್ನ ವಿದ್ಯಾರ್ಥಿಗಳು ಯಾರಾದರೂ ಹಾಗೆ ಮಾಡಿದರೆ ಚೆನ್ನಾಗಿ ಬೈಯುತ್ತೇನೆ. ನಾನು ಮಾಡಿದ್ದನ್ನು ಮಾತ್ರ ತಪ್ಪೆನ್ನಲು ಇವತ್ತಿಗೂ ಮನಸ್ಸು ಬರುವುದಿಲ್ಲ. ಗಿಡ ಸ್ವಲ್ಪ ದೊಡ್ಡದಾದರೆ ಅದರಿಂದಲೇ ಬೇಕಾದಷ್ಟು ಕಸಿ ಕಟ್ಟಬಹುದು, ಆಗ ಯೂನಿವರ್ಸಿಟಿಗೂ ಒಂದು ಕೊಟ್ಟರಾಯಿತು ಎಂದುಕೊಂಡಿದ್ದೆ.

ಅವರು ಊರು ಬಿಟ್ಟ ದಿನ ನಾನಲ್ಲಿದ್ದೆ. ಲಾರಿಗೆ ಹಂಚು, ತೊಲೆ, ಕಡಾಯಿ, ಹುಲ್ಲು ಎಲ್ಲ ಹೇರಿದರು. ನಾದಿನಿ ಗೋಡೆ ಹಿಡಿದುಕೊಂಡು ಅತ್ತರು, ಯಜಮಾನರು ಕಣ್ಣೊರೆಸಿಕೊಂಡರು. ಮನೆಯಾಕೆ ಅಳಲಿಲ್ಲ. ಲಾರಿಯ ಮುಂದಿನ ಸೀಟಿನಲ್ಲಿ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು, ಎಲೆಗೆ ಗಾಳಿ ತಾಗದ ಹಾಗೆ ಸೆರಗು ಮುಚ್ಚಿ ಕೂತು, ಹೊರಡೋಣ ಎಂದರು. ಆ ಮಳೆಗಾಲದಲ್ಲೇ ನೀರು ಏರಿತು. ಮೊದಲ ವರ್ಷ ಮರದ ನೆತ್ತಿ ನೀರಿನ ಮೇಲೆ ಕಾಣುತ್ತಿತ್ತಂತೆ. ಮರುವರ್ಷ ಅದೂ ಇರಲಿಲ್ಲ.

ಹೊಸ ಜಾಗ ವರದಮೂಲದ ಕಡೆಯ ಒಂದು ಗುಡ್ಡ. ಬಾವಿಯ ನೀರು ಬೇಸಿಗೆಯಲ್ಲಿ ತಳ ಹಿಡಿಯುತ್ತಿತ್ತು. ಅಂಥದ್ದರಲ್ಲೂ ಪಾತ್ರೆ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲ ಗಿಡದ ಬುಡಕ್ಕೆ ಹೋಗುತ್ತಿತ್ತು. ಎರಡನೇ ಬೇಸಿಗೆಯಲ್ಲಿ ಒಂದು ದಿನ ಯಜಮಾನರು ಸಾಗರದ ಪೇಟೆಯಲ್ಲಿ ಸಿಕ್ಕಿದರು. “ಯಾರದ್ದೋ ದನ ಬೇಲಿ ಹಾರಿ ಗಿಡ ತಿಂದ್ಬಿಡ್ತು ಮೇಡಂ. ಅವಳು ಊಟ ಬಿಟ್ಟು ಕೂತಿದ್ಲು. ಈಗ ಮತ್ತೆ ಚಿಗುರ್ತಾ ಇದೆ, ಪುಣ್ಯ,” ಎಂದರು.

“ಎಲ್ಲಿಂದ ಚಿಗುರಿದೆ? ಕಟ್ಟಿನ ಮೇಲಿಂದಲಾ, ಕೆಳಗಿಂದಲಾ?”

“ಅದೆಲ್ಲ ನೋಡಲಿಲ್ಲ. ಚಿಗುರಿದೆ.”

ಮೇಲಿನಿಂದ ಚಿಗುರಿದ್ದರೆ ಅದು ಹೊಳೆಯ ಮರ. ಕೆಳಗಿನಿಂದ ಚಿಗುರಿದ್ದರೆ ನಾನು ಸಂತೆಯ ಗೊರಟಿನಿಂದ ಎಬ್ಬಿಸಿದ ಯಾವುದೋ ಸಸಿ. ಮುಂದಿನ ವಾರ ಹೋಗಿ ನೋಡಿದೆ. ಆಕೆ ಬುಡಕ್ಕೆ ಗೊಬ್ಬರ ಮಣ್ಣು ಕೊಟ್ಟು ಏರಿ ಮಾಡಿದ್ದರು. ಕಸಿಯ ಗಂಟು ಮಣ್ಣಿನಡಿ ಹೋಗಿತ್ತು. ಚಿಗುರೆಲೆ ಉಜ್ಜಿ ಮೂಸಿದೆ. ಮಾವಿನೆಲೆಯ ವಾಸನೆ ಬಂತು, ಬೇರೇನೂ ತಿಳಿಯಲಿಲ್ಲ. ಮಣ್ಣು ಕೆದಕಿ ನೋಡಬಹುದಿತ್ತು. ಆಕೆ ಪಕ್ಕದಲ್ಲೇ ನಿಂತು, “ಬದ್ಕಿತು ಅಲ್ವಾ ಮೇಡಂ?” ಎಂದು ಮುಖ ಅರಳಿಸಿಕೊಂಡು ಕೇಳಿದರು. ನಾನು ಕೈ ಒರೆಸಿಕೊಂಡು, “ಗಿಡ ಬದುಕಿದೆ. ಅದೇನಾ ಅಂತ ಈಗಲೇ ಹೇಳಲಾರೆ. ಮಿಡಿ ಬಿಡಲಿ,” ಎಂದೆ. ಅವರಿಗೆ ಕೊನೆಯ ಮಾತು ಮಾತ್ರ ಕೇಳಿಸಿತು. ಅಲ್ಲಿಂದ ಮುಂದೆ ಪ್ರತಿ ವರ್ಷ ಮಾಘ ಬಂತೆಂದರೆ ಗಿಡದ ಕೆಳಗೆ ನಿಂತು ಹೂ ಹುಡುಕತೊಡಗಿದರು.

ಇದರ ನಡುವೆ ನನ್ನ ಪಿಎಚ್.ಡಿ. ಮುಗಿಯಿತು. ಮಾವಿನ ಅಧ್ಯಾಯ ಅನುಬಂಧವಾಗಿ ಹಿಂದಕ್ಕೆ ಹೋಯಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಜೀವವೈವಿಧ್ಯ ಎಂಬ ಮಾತು ಸೆಮಿನಾರುಗಳಲ್ಲಿ ಓಡಾಡತೊಡಗಿತು. ಒಂದೇ ಜಾತಿಯೊಳಗಿನ ಬಗೆಗಳನ್ನೂ ಉಳಿಸಬೇಕು ಎಂದು ದೊಡ್ಡವರು ವೇದಿಕೆಯ ಮೇಲೆ ಹೇಳತೊಡಗಿದರು. ಒಂದು ಮರ ನೋಡಿದರೆ ಎಲ್ಲಾ ನೋಡಿದ ಹಾಗೆ ಎಂದು ಹಿಂದೆ ಹೇಳುತ್ತಿದ್ದವರೂ ಅವರಲ್ಲಿದ್ದರು. ನನ್ನನ್ನು ಕರೆದು, ನಿಮ್ಮ ಅನುಬಂಧ ಬಹಳ ಮುಖ್ಯ, ಆ ಮರಗಳಲ್ಲಿ ಎಷ್ಟು ಉಳಿದಿವೆ ಎಂದು ಕೇಳಿದರು. ಕೆಲವನ್ನು ಕೊಂಬೆ ಸಮೇತ ಕಡಿದು ಮಿಡಿ ವ್ಯಾಪಾರ ಮಾಡಿದ್ದರು, ಕೆಲವು ನೀರಿನಡಿ ಹೋಗಿದ್ದವು. ಉಳಿದವನ್ನು ಹೇಳಿದೆ. ಗುಡ್ಡದ ಮೇಲಿನ ಗಿಡದ ಬಗ್ಗೆ ಬಾಯಿ ಬಿಡಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವ ಅಭ್ಯಾಸ ನನಗಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಯಜಮಾನರು ಕಾಲೇಜಿಗೇ ಬಂದರು. “ಈ ವರ್ಷ ಮಿಡಿ ಹಿಡಿದಿದೆ. ಮೇಡಂ ಬರೋ ತನಕ ಒಂದು ತೊಟ್ಟೂ ಮುರಿಯಲ್ಲ ಅಂತ ಕೂತಿದ್ದಾಳೆ. ಕರ್ಕೊಂಡೇ ಬನ್ನಿ ಅಂದ್ಲು.” ಮಧ್ಯಾಹ್ನದ ಕ್ಲಾಸು ಬಿಟ್ಟು ಅವರ ಜೊತೆಗೇ ಹೊರಟೆ. ನನ್ನ ಸರ್ವೀಸಿನಲ್ಲಿ ಕ್ಲಾಸು ತಪ್ಪಿಸಿದ್ದು ಕಡಿಮೆ.

ಮರ ಆಳೆತ್ತರ ದಾಟಿ ಬೆಳೆದಿತ್ತು. ಆಕೆಯ ತಲೆ ಅರ್ಧ ಬೆಳ್ಳಗಾಗಿತ್ತು. ತಾವೇ ಒಂದು ಮಿಡಿಯನ್ನು ತೊಟ್ಟು ಸಮೇತ ಕೊಯ್ದು ನನ್ನ ಅಂಗೈಯಲ್ಲಿ ಇಟ್ಟರು.

“ನೀವೇ ಮುರೀರಿ.”

ಮುರಿದೆ. ಸೊನೆ ಚಿಮ್ಮಿ ಬೆರಳಿಗೆ ತಾಗಿತು. ಒಳ್ಳೆಯ ಪರಿಮಳವೇ. ಹಸಿಮಾವಿನದು, ಜೊತೆಗೆ ಸ್ವಲ್ಪ ಕರ್ಪೂರ. ಜೀರಿಗೆ ಇರಲಿಲ್ಲ, ಶುಂಠಿಯೂ ಇರಲಿಲ್ಲ. ಮಿಡಿಯನ್ನು ಆಕೆಗೆ ಕೊಟ್ಟೆ. ಆಕೆ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಮತ್ತೆ ಮತ್ತೆ ಮೂಸಿದರು. ಯಜಮಾನರು ನೆಲ ನೋಡುತ್ತಿದ್ದರು.

“ಜಾಗ ಬದಲಾದ್ರೆ ಪರಿಮಳಾನೂ ಸ್ವಲ್ಪ ಬದಲಾಗ್ತದಂತಲ್ಲ ಮೇಡಂ? ಅಲ್ಲಿ ಹೊಳೆ ನೀರು. ಇಲ್ಲಿ ಬಾವಿ ನೀರು. ಅದಕ್ಕೇ ಇರ್ಬಹುದು ಅಲ್ವಾ?”

ಮಣ್ಣು ನೀರು ಬದಲಾದರೆ ಪರಿಮಳದಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಆಗುವುದು ನಿಜ. ಹೌದು ಎಂದಿದ್ದರೆ ಆಕೆ ನಂಬುತ್ತಿದ್ದರು. ನಂಬಲಿಕ್ಕೆಂದೇ ಕೇಳಿದ್ದರು. ಆದರೆ ಗಿಡ ಗುರುತಿಸಿ ಇದು ಇದೇ, ಇದು ಅದಲ್ಲ ಎಂದು ಹೇಳುವುದು ನನ್ನ ಕಸುಬು. ಅವರ ಮುಖ ನೋಡಿಕೊಂಡು ನನಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಅಲ್ಲ ಅಕ್ಕ,” ಎಂದೆ. ಅಲ್ಲಿಯವರೆಗೆ ಅವರನ್ನು ಅಕ್ಕ ಎಂದು ಕರೆದಿರಲಿಲ್ಲ. “ಇದು ಕೆಳಗಿನ ಸಸಿ. ನಮ್ಮ ಟಿಸಿಲು ದನ ತಿಂದಾಗಲೇ ಹೋಗಿತ್ತು.”

ಆಕೆ ಅಲ್ಲೇ ಮರದ ಬುಡದಲ್ಲಿ, ತಾವೇ ಕಟ್ಟಿದ ಮಣ್ಣಿನ ಏರಿಯ ಮೇಲೆ ಕೂತರು. ಮಿಡಿ ಇನ್ನೂ ಕೈಯಲ್ಲೇ ಇತ್ತು.

“ಹಂಗಾರೆ ನಮ್ಮೂರು ಹೋತು,” ಎಂದರು ಗಂಡನಿಗೆ.

“ಅದು ಯಾವತ್ತೋ ಹೋಯ್ದು ಮಾರಾಯ್ತಿ,” ಎಂದರು ಯಜಮಾನರು ಮೆಲ್ಲಗೆ.

“ನಂಗೆ ಇವತ್ತು ಹೋತು.”

ಲಾರಿಯ ದಿನ ಅಳದಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅವರ ಪಕ್ಕದಲ್ಲಿ ಕೂತೆ, ಕೂತವಳಿಗೆ ನನಗೂ ಅಳು ಬಂತು.